ತಪ್ಪು ಅಳು

ಅಚ್ಚಾದದ್ದೆಲ್ಲ ನಿಜ ಎಂದು ನಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಗಣಿತದ ಟೀಚರು. ಕೆಂಪು ಪೆನ್ನು ಹಿಡಿದು ಸರಿ-ತಪ್ಪು ಹಾಕುವುದೇ ನನ್ನ ಕಸುಬು, ಅದರಲ್ಲಿ ನನಗೆ ನಾಚಿಕೆಯೂ ಇಲ್ಲ. ಆದರೆ ಲೆಕ್ಕಕ್ಕೆ ತಪ್ಪು ಹಾಕಬಹುದು, ಮನುಷ್ಯರ ಮುಖಕ್ಕೆ ಹಾಕಬಾರದು. ಹಾಗೆ ಹಾಕಿದವನೊಬ್ಬನಿದ್ದ. ಅವನನ್ನು ಸಿನಿಮಾದವರು ಈಗಲೂ ‘ಗುರುಗಳು’ ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ.

ಗುರುಗಳು ಒಂದು ಕಾಲದ ದೊಡ್ಡ ನಿರ್ದೇಶಕ. ಸಿನಿಮಾ ಇನ್ನೂ ಮಾತು ಕಲಿಯುತ್ತಿದ್ದ ದಿನಗಳಲ್ಲಿ, ಸಿನಿಮಾ ತೆಗೆಯುವುದು ಹೇಗೆಂದು ಯಾರಿಗೂ ನೆಟ್ಟಗೆ ಗೊತ್ತಿಲ್ಲದಾಗ, ಅದನ್ನು ಕಲಿಸುವ ಒಂದು ಕೈಪಿಡಿ ಬರೆದರು. ಬರೆದವರಿಗೂ ಅಷ್ಟಕ್ಕಷ್ಟೇ ಗೊತ್ತಿತ್ತು ಎನ್ನುವುದು ನನ್ನ ಅಭಿಪ್ರಾಯ. ಹಾಳೂರಿಗೆ ಉಳಿದವನೇ ಗೌಡ. ಕಥೆ ಬರೆಯುವವನು ‘ಅವಳು ಮನಸ್ಸಿನಲ್ಲೇ ನೊಂದಳು’ ಎಂದು ಬರೆಯಕೂಡದು, ಮನಸ್ಸು ಕ್ಯಾಮೆರಾಕ್ಕೆ ಕಾಣುವುದಿಲ್ಲ, ನೊಂದವಳು ಏನು ಮಾಡಿದಳೆಂದು ಬರೆಯಬೇಕು ಎಂದಿದೆ ಅದರಲ್ಲಿ. ಒಳ್ಳೆಯ ಮಾತೇ, ಒಪ್ಪಿದೆ. ಆದರೆ ಮುಂದಿನ ಪುಟದಲ್ಲೇ ನಾಯಕಿ ಓಡುವಾಗ ಬಾಯಿ ಮುಚ್ಚಿಕೊಂಡು ಓಡಬೇಕು, ಬಾಯಿ ತೆರೆದರೆ ಅಂದ ಕೆಡುತ್ತದೆ ಎಂದೂ ಇದೆ. ಬಾಯಿ ಮುಚ್ಚಿಕೊಂಡು ಎಷ್ಟು ದೂರ ಓಡಬಹುದೆಂದು ಗುರುಗಳು ಓಡಿ ನೋಡಿದಂತಿಲ್ಲ.

ಆ ಪುಸ್ತಕದ ನಡುವೆ ಚಿತ್ರಗಳ ಅಧ್ಯಾಯವೊಂದಿದೆ. ನಗು, ಭಯ, ಕೋಪ, ಅಳು, ಒಂದೊಂದಕ್ಕೂ ಎರಡೆರಡು ಚಿತ್ರ. ಎಡಗಡೆ ತಪ್ಪು, ಬಲಗಡೆ ಸರಿ. ಅಳುವಿನ ಎಡಗಡೆ ನಮ್ಮ ದೊಡ್ಡಮ್ಮ ಇದ್ದಾಳೆ.

ಆಗ ಅವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಗುರುಗಳ ಸ್ಟುಡಿಯೋದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದಳು, ದೊಡ್ಡದೊಂದು ಸಿಗುವುದರಲ್ಲಿತ್ತು. ಪುಸ್ತಕ ಬಂತು. ಚಿತ್ರದ ಕೆಳಗೆ ಹೀಗೆ ಅಚ್ಚಾಗಿತ್ತು: ‘ತಪ್ಪು. ಈ ನಟಿ ಅಳುತ್ತಿಲ್ಲ, ಅತ್ತಂತೆ ಮಾಡುತ್ತಿದ್ದಾಳೆ. ಬಾಯಿ ಸೊಟ್ಟಗಾಗಿರುವುದನ್ನೂ ಮೂಗು ಸುರಿಯುತ್ತಿರುವುದನ್ನೂ ಗಮನಿಸಿ. ಪ್ರೇಕ್ಷಕ ಇದನ್ನು ನಂಬುವುದಿಲ್ಲ.’ ಎಲ್ಲ ಸ್ಟುಡಿಯೋಗಳಲ್ಲೂ ಆ ಪುಸ್ತಕ ಓದಿದರು, ಆ ಪುಟ ತೆರೆದು ನಕ್ಕರು. ಆಮೇಲೆ ಯಾರೂ ಅವಳಿಗೆ ಪಾತ್ರ ಕೊಡಲಿಲ್ಲ. ಅವಳು ಬಣ್ಣ ಬಿಟ್ಟು ವಿಗ್ಗು ಕಟ್ಟುವ ಕೋಣೆ ಸೇರಿದಳು. ತೆಳ್ಳನೆಯ ಬಲೆಯ ಮೇಲೆ ಕೊಕ್ಕೆ ಸೂಜಿಯಿಂದ ಒಂದೊಂದೇ ಕೂದಲು ಗಂಟು ಹಾಕುತ್ತ, ಬೇರೆಯವರ ತಲೆ ಅಲಂಕರಿಸುತ್ತ ಕಣ್ಣು ಸವೆಸಿದಳು. ಆ ಸಂಬಳದಲ್ಲೇ ತಂಗಿಯನ್ನು, ಅಂದರೆ ನನ್ನ ಅಮ್ಮನನ್ನು, ಓದಿಸಿದಳು.

ನೆಂಟರಿಗೆ ಇದೆಲ್ಲ ತಮಾಷೆ. ನಮ್ಮಲ್ಲಿ ಮಗು ಯಾವುದಾದರೂ ಬಿದ್ದು ರಂಪ ಮಾಡಿದರೆ, ‘ನೋಡು, ದೊಡ್ಡಮ್ಮನ ಅಳು!’ ಎನ್ನುತ್ತಿದ್ದರು. ನಾಲಿಗೆಗೆ ಎಲುಬಿಲ್ಲ. ದೊಡ್ಡಮ್ಮ ಕೇಳಿಯೂ ಕೇಳದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು.

ಇನ್ನು ಅಮ್ಮ. ಅಕ್ಕನ ಅನ್ನ ಉಂಡು ಬೆಳೆದವಳೇ ಅಕ್ಕನ ಮೇಲೆ ಹಲ್ಲು ಕಡಿಯುವುದೆಂದರೆ ಏನೆನ್ನಬೇಕು? ಅದಕ್ಕೆ ಕಾರಣ ಅಜ್ಜಿಯ ಸಾವು. ಅಜ್ಜಿ ಬಹಳ ದಿನ ಹಾಸಿಗೆ ಹಿಡಿದಿದ್ದು ಒಂದು ಮಧ್ಯಾಹ್ನ ಹೋಗಿಬಿಟ್ಟರಂತೆ. ಅಮ್ಮನ ಮಾಮ ಸ್ಟುಡಿಯೋಗೆ ಸೈಕಲ್ಲಿನಲ್ಲಿ ಹೋಗಿ ಸುದ್ದಿ ಮುಟ್ಟಿಸಿ ಬಂದ. ದೊಡ್ಡಮ್ಮ ಬರಲಿಲ್ಲ. ಈಗ ಬರುತ್ತಾಳೆ, ಇನ್ನೇನು ಬರುತ್ತಾಳೆ ಎಂದು ಕತ್ತಲಾಗುವವರೆಗೂ ಕಾದು ಕೊನೆಗೆ ಎತ್ತಿದರು. ಎಲ್ಲ ಮುಗಿದ ಮೇಲೆ ಮುಖದ ತುಂಬ ಬಣ್ಣ ಹಚ್ಚಿಕೊಂಡು ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಆಗ ಅಮ್ಮ ಓದು-ಬರಹ ಕಲಿಯುತ್ತಿದ್ದ ಹುಡುಗಿ. ಈಗ ಇಬ್ಬರೂ ಮುದುಕಿಯರು, ನನ್ನ ಜೊತೆ ಒಂದೇ ಮನೆಯಲ್ಲಿದ್ದಾರೆ. ಆದರೂ ಮಾತಿಗೆ ಮಾತು ಬೆಳೆದರೆ ಅಮ್ಮ ತಟ್ಟನೆ ಅಲ್ಲಿಗೇ ಬರುತ್ತಾಳೆ: “ಹೆತ್ತ ತಾಯಿಗಿಂತ ಶೂಟಿಂಗ್ ದೊಡ್ಡದಾಗಿತ್ತಲ್ಲ ನಿನಗೆ!” ದೊಡ್ಡಮ್ಮ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಮೊನ್ನೆ ಭಾನುವಾರ ಸಿನಿಮಾ ಶಾಲೆಯ ಪ್ರಿನ್ಸಿಪಾಲರು ಮನೆಗೆ ಬಂದರು. ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಮಾತು. ಕೈಪಿಡಿಯನ್ನು ಅವರ ಶಾಲೆ ಮತ್ತೆ ಅಚ್ಚು ಹಾಕಿಸುತ್ತಿದೆ, ಮಕ್ಕಳಿಗೆ ಪಠ್ಯವಾಗುತ್ತದೆ.

“ಚಿತ್ರಗಳಲ್ಲಿ ಇರೋರೆಲ್ಲ ತೀರಿಕೊಂಡಿದಾರೆ ಅಂದ್ಕೊಂಡಿದ್ವಿ ಮೇಡಂ. ನೀವೊಬ್ರು ಇನ್ನೂ ಇದೀರಿ ಅಂತ ಗೊತ್ತಾಗಿ ತುಂಬ ಸಂತೋಷ ಆಯ್ತು,” ಎಂದರು. ಇನ್ನೂ ಇರುವವರ ಒಪ್ಪಿಗೆ ಬೇಕು ಎಂದು ವಕೀಲರು ಹೇಳಿದ್ದರಂತೆ. ಅದಕ್ಕೇ ಬಂದ ಸಂತೋಷ.

ಅಮ್ಮ ಊಟದ ಮೇಜಿನ ಆ ತುದಿಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ದೊಡ್ಡಮ್ಮ ಬಾಚಿದ ತಲೆಯನ್ನೇ ಇನ್ನೊಮ್ಮೆ ಬಾಚಿಕೊಂಡು ಬಂದಿದ್ದಳು.

“ಹಾಕ್ಕೊಳಪ್ಪ, ಬೇಡ ಅನ್ನಲ್ಲ,” ಎಂದಳು. “ಆದ್ರೆ ಆ ಕೆಳಗಡೆ ಬರೆದಿರೋದನ್ನ ತೆಗೆದುಬಿಡು. ಬರೀ ಚಿತ್ರ ಇರ್ಲಿ.”

ಪ್ರಿನ್ಸಿಪಾಲರ ಮುಖ ಸಣ್ಣಗಾಯಿತು. “ಅದೊಂದು ಆಗಲ್ಲ ಮೇಡಂ. ಬರೆದೋರು ಈಗಿಲ್ಲ. ಸತ್ತವರ ಪುಸ್ತಕದಲ್ಲಿ ಒಂದಕ್ಷರ ಮುಟ್ಟಿದ್ರೂ ಅವರಿಗೆ ಅಗೌರವ ಮಾಡಿದ ಹಾಗಾಗುತ್ತೆ.”

“ಬದುಕಿರೋರಿಗೆ ಆದ್ರೆ ಪರವಾಗಿಲ್ವಾ?” ನಾನು ಕೇಳಿದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಅವರ ಜೀವನ ಮೂರಾಬಟ್ಟೆ ಆಗಿದ್ದು ಆ ನಾಲ್ಕು ಸಾಲಿಂದ. ಈಗ ಅದನ್ನ ಪಠ್ಯ ಮಾಡಿ ಮಕ್ಕಳ ಕೈಲಿ ಬಾಯಿಪಾಠ ಮಾಡಿಸ್ತೀರಾ?”

“ನೀವೂ ಟೀಚರು, ನಿಮಗೆ ಗೊತ್ತಿರುತ್ತೆ. ತಪ್ಪು ತೋರಿಸದೆ ಸರಿ ಕಲಿಸೋಕಾಗಲ್ಲ. ಮೇಡಂ ಆಗ ಚಿಕ್ಕವರು, ಅನುಭವ ಇರಲಿಲ್ಲ. ಇದರಲ್ಲಿ ನಾಚಿಕೆ ಪಡೋದೇನಿದೆ?”

ನಾನು ಬಾಯಿಗೆ ಬಂದದ್ದನ್ನು ಅನ್ನುವುದರಲ್ಲಿದ್ದೆ. ದೊಡ್ಡಮ್ಮ ನನ್ನ ಮೊಣಕೈ ಹಿಡಿದು, “ಬಿಡೇ, ಹೋಗ್ಲಿ,” ಎಂದಳು. ಹೋಗಲಿ, ಹೋಗಲಿ ಎಂದೇ ಅವಳ ಬದುಕಿನಲ್ಲಿ ಎಲ್ಲವೂ ಹೋದದ್ದು. ಅವಳ ಮೇಲೂ ನನಗೆ ಸಿಟ್ಟು ಬಂತು.

ಪರಿಸ್ಥಿತಿ ತಿಳಿಯಾಗಲೆಂದೋ ಏನೋ, ಪ್ರಿನ್ಸಿಪಾಲರು ದೊಡ್ಡ ಲಕೋಟೆಯಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಹೊಸ ಪುಸ್ತಕಕ್ಕೆ ಸಿದ್ಧವಾದ ಚಿತ್ರಗಳು.

“ನೋಡಿ ಮೇಡಂ, ಎಷ್ಟು ಚೆನ್ನಾಗಿ ಬಂದಿದೆ! ಹಳೇ ಪುಸ್ತಕದಲ್ಲಿ ಎಲ್ಲ ಮಸಿ ಮಸಿ ಆಗಿತ್ತಲ್ಲ, ಸರಿ ಚಿತ್ರದಲ್ಲಿರೋರ ಮುಖಾನೇ ಕಾಣ್ತಿರಲಿಲ್ಲ. ನಮಗೆ ಮೂಲ ನೆಗೆಟಿವ್ ಸಿಕ್ತು. ಈಗ ಒಂದೊಂದು ಕೂದಲೂ ಎಣಿಸಬಹುದು.”

ಎಡಗಡೆಯ ಹಾಳೆಯಲ್ಲಿ ದೊಡ್ಡಮ್ಮ. ಬಾಯಿ ಸೊಟ್ಟಗಾಗಿತ್ತು, ನಿಜ. ಮೂಗು ಸುರಿಯುತ್ತಿತ್ತು, ಅದೂ ನಿಜ. ಒಂದು ಕೈ ಯಾರನ್ನೋ ಹಿಡಿಯಲು ಹೋದಂತೆ ಚಾಚಿತ್ತು. ಬಲಗಡೆಯದರಲ್ಲಿ ಹೆಂಗಸೊಬ್ಬಳು ಮುಖವನ್ನು ಅರ್ಧ ಆಚೆಗೆ ತಿರುಗಿಸಿ, ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ಕೆನ್ನೆಯ ಮೇಲೆ ಅಚ್ಚುಕಟ್ಟಾದ ಒಂದು ಹನಿ. ಕೆಳಗೆ, ‘ಸರಿ. ನಿಜವಾದ ದುಃಖ ಹೀಗೆ ಮೌನವಾಗಿರುತ್ತದೆ.’

ಅಮ್ಮ ಕೈ ಒರೆಸಿಕೊಂಡು ಎದ್ದು ಬಂದಳು. ಆ ಪುಸ್ತಕವನ್ನು ಅವಳು ದೊಡ್ಡವಳಾದ ಮೇಲೆ ಮುಟ್ಟಿರಲಿಲ್ಲ. ಕನ್ನಡಕ ಹಾಕಿಕೊಂಡು ಎಡಗಡೆಯದನ್ನು ನೋಡಿದಳು, ಬಲಗಡೆಯದನ್ನು ನೋಡಿದಳು. ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದು ಮತ್ತೆ ನೋಡಿದಳು.

“ಅಕ್ಕಾ, ಇವಳೂ ನೀನೇ ಅಲ್ವಾ?”

“ಅಲ್ಲಮ್ಮ, ಅವರು ಬೇರೆ ನಟಿ,” ಎಂದರು ಪ್ರಿನ್ಸಿಪಾಲರು. “ಅದನ್ನೆಲ್ಲ ಸಂಶೋಧನೆ ಮಾಡಿದೀವಿ.”

“ನಿಮ್ಮ ಸಂಶೋಧನೆ ಒಲೆಗೆ ಹಾಕಿ. ಈ ತೋಳಿನ ಪಿನ್ನು ನೋಡಿ. ಎರಡರಲ್ಲೂ ಇದೆ. ಅದನ್ನ ಚುಚ್ಚಿದ್ದು ನಾನು.”

ಅಜ್ಜಿ ತೀರಿಕೊಂಡ ದಿನ ಬೆಳಿಗ್ಗೆ ದೊಡ್ಡಮ್ಮನ ರವಿಕೆಯ ತೋಳಿನ ಗುಂಡಿ ಕಿತ್ತುಹೋಗಿತ್ತಂತೆ. ಅಜ್ಜಿಗೆ ಹೊಲಿದುಕೊಡುವ ಶಕ್ತಿ ಇರಲಿಲ್ಲ. ಅಮ್ಮ ಪಿನ್ನು ಹಾಕಲು ಹೋಗಿ ಅದನ್ನು ಸೊಟ್ಟಗೆ ಚುಚ್ಚಿದಳು, ಜೊತೆಗೆ ಅಕ್ಕನ ಕೈಗೂ ಚುಚ್ಚಿದಳು. ಅಕ್ಕ ಕಿರುಚಿದ್ದಕ್ಕೆ ಅಜ್ಜಿ ಮಲಗಿದಲ್ಲೇ ನಕ್ಕರು. ಅಜ್ಜಿ ನಕ್ಕದ್ದು ಅದೇ ಕೊನೆ.

“ಈ ಎಡಗಡೆದರಲ್ಲಿ ಕಿಟಕಿ ತುಂಬ ಬಿಸಿಲು,” ಎಂದಳು ಅಮ್ಮ. “ಈ ಕಡೆದರಲ್ಲಿ ಕತ್ತಲು, ದೀಪ ಹಚ್ಚಿದಾರೆ. ಅವತ್ತು ಮಾಮ ಬಿಸಿಲಲ್ಲಿ ಬಂದು ನಿಂಗೆ ಹೇಳಿದ. ಕತ್ತಲಾಗೋವರೆಗೂ ಅಲ್ಲಿ ಏನು ಮಾಡ್ತಿದ್ದೆ ಅಕ್ಕಾ?”

ದೊಡ್ಡಮ್ಮ ಪಕ್ಕದ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

“ಮಾಮ ಬಂದಿದ್ದು ನಂಗೆ ಗೊತ್ತೇ ಆಗಲಿಲ್ಲ. ಗೇಟಲ್ಲೇ ನಿಲ್ಲಿಸಿ ಗುರುಗಳೇ ಸುದ್ದಿ ಇಸ್ಕೊಂಡ್ರು. ತಕ್ಷಣ ಹೇಳಲಿಲ್ಲ. ನನ್ನನ್ನ ಕುರ್ಚಿ ಮೇಲೆ ಕೂರಿಸಿ, ಬೆಳಕು ಮುಖದ ಮೇಲೆ ಬೀಳೋ ಹಾಗೆ ತಿರುಗಿಸಿ, ಕ್ಯಾಮೆರಾ ಶುರು ಮಾಡಿಸಿ ಆಮೇಲೆ ಹೇಳಿದ್ರು, ನಿಮ್ಮಮ್ಮ ಹೋದ್ರು ಅಂತ. ನಾನು ಎದ್ದು ಅವರ ಕೈ ಹಿಡ್ಕೊಳೋಕೆ ಹೋದೆ. ಅದೇ ಇದು.” ಎಡಗಡೆಯ ಹಾಳೆಯನ್ನು ಬೆರಳಿನಿಂದ ತೋರಿಸಿದಳು. “ಚೆನ್ನಾಗಿ ಬರಲಿಲ್ಲ ಅಂದ್ರು. ಮುಖ ತೊಳೆಸಿ ಮತ್ತೆ ಬಣ್ಣ ಹಚ್ಚಿಸಿದ್ರು. ಸರಿಯಾಗಿ ಅತ್ತರೆ ಮನೆಗೆ ಕಳಿಸ್ತೀನಿ ಅಂದ್ರು, ಬಾಗಿಲು ಹಾಕಿಸಿದ್ರು. ಎಷ್ಟು ಸಲ ತೆಗೆದ್ರೋ. ಕೊನೆಗೆ ಕಣ್ಣಲ್ಲಿ ನೀರೇ ಬರ್ತಿರಲಿಲ್ಲ. ಆ ಹನಿ ಗ್ಲಿಸರಿನ್ದು.”

ಇಷ್ಟಾದರೂ ಅವಳ ಬಾಯಲ್ಲಿ ‘ಗುರುಗಳು’, ‘ಅಂದ್ರು’! ನನಗೆ ಆ ಮನುಷ್ಯನನ್ನು ಗೋರಿಯಿಂದ ಎಳೆದು ತಂದು ಕಪಾಳಕ್ಕೆ ಬಾರಿಸಬೇಕೆನಿಸಿತು. ತಾಯಿ ಸತ್ತ ಮಗಳ ಅಳುವನ್ನು ಕದ್ದದ್ದಲ್ಲದೆ, ಕದ್ದ ಮಾಲು ಚೆನ್ನಾಗಿಲ್ಲವೆಂದು ಊರಿಗೆಲ್ಲ ಸಾರಿದ್ದ. ಗ್ಲಿಸರಿನ್ ಹನಿಗೆ ನಿಜವಾದ ದುಃಖ ಎಂದು ಹೆಸರಿಟ್ಟಿದ್ದ. ಅದನ್ನು ಓದಿ ಎಷ್ಟು ಜನ ಸಿನಿಮಾ ಕಲಿತರೋ, ಇನ್ನೆಷ್ಟು ಜನ ಅಳುವವರನ್ನು ನೋಡಿ ಇದು ಸರಿಯಿಲ್ಲ ಎಂದರೋ!

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. “ನಂಗೂ ಬೇಜಾರಾಗುತ್ತೆ ಮೇಡಂ. ಆದ್ರೆ ಇದಕ್ಕೆಲ್ಲ ಆಧಾರ ಬೇಕಾಗುತ್ತೆ. ಮತ್ತೆ ಆ ಕಾಲವೇ ಹಾಗಿತ್ತು. ಕಲೆಗೋಸ್ಕರ ಅವರೂ ತುಂಬ ಕಷ್ಟಪಟ್ಟೋರು...”

“ಯಾರ ತಾಯಿ ಸತ್ತಿದ್ದು, ಯಾರು ಕಷ್ಟಪಟ್ಟಿದ್ದು?” ಅಮ್ಮ ಹಾಳೆಗಳನ್ನು ಅವರ ಎದೆಗೆ ಒತ್ತಿದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಜನರನ್ನು ಸಾಲಿನಲ್ಲಿ ನಿಲ್ಲಿಸಿದ ದನಿ ಅದು. “ಸತ್ತವರಿಗೆ ಗೌರವ ಅಂತ ಹೇಳಿದ್ರಿ. ಅವತ್ತು ನಮ್ಮಮ್ಮನೂ ಸತ್ತಿದ್ಲು. ಮಗಳು ಬರ್ಲಿ ಅಂತ ಮನೇಲಿ ಕಾಯಿಸಿದ್ವಿ ಅವಳನ್ನ. ನಿಮ್ಮ ಗುರುಗಳು ಯಾವ ಗೌರವ ಕೊಟ್ರು? ನಮ್ಮಕ್ಕ ಒಪ್ಪಲ್ಲ. ಒಂದು ಚಿತ್ರಾನೂ ಹಾಕೋ ಹಾಗಿಲ್ಲ, ಸರಿದೂ ಇಲ್ಲ, ತಪ್ಪಿಂದೂ ಇಲ್ಲ. ಎದ್ದೇಳಿ.”

ಅವರು ದೊಡ್ಡಮ್ಮನ ಕಡೆ ನೋಡಿದರು. ಈ ಸಲ ದೊಡ್ಡಮ್ಮ ಹೋಗಲಿ ಅನ್ನಲಿಲ್ಲ. ನಾನು ಬಾಗಿಲು ತೆರೆದು ಹಿಡಿದೆ. ಅವರು ಲಕೋಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು.

ಅಮ್ಮ ದೊಡ್ಡಮ್ಮನ ಎದುರಿನ ಕುರ್ಚಿಯಲ್ಲಿ ಕುಸಿದಳು. ಕೋಪ ಇಳಿದಿರಲಿಲ್ಲ, ಅದು ಈಗ ಎಲ್ಲಿ ಹೋಗಬೇಕೆಂದು ಗೊತ್ತಾಗದೆ ಅಕ್ಕನ ಮೇಲೇ ಬಿತ್ತು.

“ನಿಂಗೇನು ಬಾಯಿರಲಿಲ್ವಾ? ಇಷ್ಟು ವರ್ಷ ನಾನು ಬಾಯಿಗೆ ಬಂದ ಹಾಗೆ ಅಂದೆ. ಒಂದು ಸಲ, ಒಂದೇ ಒಂದು ಸಲ, ಹೀಗಾಯ್ತು ಕಣೇ ಅಂತ ಹೇಳೋಕೇನಾಗಿತ್ತು?”

“ಹೇಳ್ಬೇಕು ಅಂತಾನೇ ಇದ್ದೆ ಚಿಕ್ಕಿ,” ಎಂದಳು ದೊಡ್ಡಮ್ಮ. ಅಮ್ಮನನ್ನು ಅವಳು ಹಾಗೆ ಕರೆದದ್ದನ್ನು ನಾನು ಮೊದಲ ಸಲ ಕೇಳಿದೆ. “ನೀನು ಸ್ವಲ್ಪ ದೊಡ್ಡವಳಾಗ್ಲಿ ಅಂತ ಕಾದೆ. ಅಷ್ಟರಲ್ಲಿ ಪುಸ್ತಕ ಬಂತು. ಮಾಮ ಮನೆಗೆ ತಂದ. ನೀನು ಆಗ ತಾನೇ ಓದೋಕೆ ಕಲಿತಿದ್ದೆ. ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದೆ, ಈ ನಟಿ ಅಳುತ್ತಿಲ್ಲ, ಅತ್ತಂತೆ ಮಾಡುತ್ತಿದ್ದಾಳೆ ಅಂತ. ಓದಿ ತಲೆ ಎತ್ತಿ ನನ್ನ ಮುಖ ನೋಡಿದೆ. ನೀನು ಅದನ್ನ ನಂಬಿದ್ದು ನಂಗೆ ಕಾಣಿಸ್ತು. ಆಮೇಲೆ ನಾನು ನಿಮ್ಮ ಯಾರ ಮುಂದೇನೂ ಅಳಲಿಲ್ಲ.”

ಅದು ನಿಜ. ನನ್ನ ಅಪ್ಪ ತೀರಿಕೊಂಡಾಗಲೂ ಅವಳು ಅತ್ತಿರಲಿಲ್ಲ. ಗಟ್ಟಿ ಹೆಂಗಸು ಎಂದು ನಾವೆಲ್ಲ ಅವಳನ್ನು ಹೊಗಳಿದ್ದೆವು.