ಪೈಲ್ವಾನ, ಬಡಪಾಯಿ, ವಿಧೇಯ

ಲ್ಯಾಪ್‌ಟಾಪ್ ರಿಪೇರಿ ಮಾಡುವವನ ಮನೆಯಲ್ಲೇ ಲ್ಯಾಪ್‌ಟಾಪ್ ಗುಂಯ್‌ಗುಡುತ್ತದೆ ಎಂದು ಹೆಂಡತಿ ದೂರಿದರೆ ಅದಕ್ಕಿಂತ ಅವಮಾನ ಇನ್ನೇನು ಬೇಕು? ಡಾಕ್ಟರುಗಳು ಮಾತಾಡಿ ಕಳಿಸುವ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಈಚೆಗೆ ತಪ್ಪುಗಳು ನುಸುಳುತ್ತಿದ್ದವು. ಇನ್ನೊಂದು ತಪ್ಪಾದರೆ ಕೆಲಸ ಬಿಡಬೇಕಾಗುತ್ತದೆ ಎಂದು ಆಫೀಸಿನವರು ಖಡಾಖಂಡಿತವಾಗಿ ಹೇಳಿದ್ದರು.

"ಇದರ ಫ್ಯಾನ್ ಸದ್ದಲ್ಲಿ ಮಾತೇ ಕೇಳ್ಸಲ್ಲ ರೀ," ಎಂದಳು ಮುಖ ಸಪ್ಪೆ ಮಾಡಿಕೊಂಡು.

ಭಾನುವಾರ ಮಧ್ಯಾಹ್ನ ಅಂಗಡಿಯಿಂದ ಮೂರು ಕಂಪನಿಗಳ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟೆ. ಅವುಗಳ ಮೇಲೆ ಬರೆದ ಹೆಸರು ನಾನು ಬಳಸುವುದಿಲ್ಲ. ನನ್ನ ಅಂಗಡಿಯಲ್ಲಿ ಅವಕ್ಕೆ ಬೇರೆಯೇ ನಾಮಕರಣವಾಗಿದೆ.

"ಇವನು ಪೈಲ್ವಾನ. ಪೂರ್ತಿ ಲೋಹದ ಮೈ, ಎಷ್ಟು ಒತ್ತಿದ್ರೂ ಬಗ್ಗಲ್ಲ. ರೇಟು ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಮೇಲಾಗಿ ಫ್ಯಾನು, ಬ್ಯಾಟರಿ ಯಾವುದೂ ನಮ್ಮ ಮಾತು ಕೇಳಲ್ಲ, ಎಲ್ಲಾ ಅವನಿಷ್ಟ."

"ನಿಮ್ಮ ಥರಾನೇ," ಎಂದಳು.

"ಇವನು ಬಡಪಾಯಿ. ಅಗ್ಗ. ಬರೀ ಪ್ಲಾಸ್ಟಿಕ್ಕು, ಕೈಯಿಟ್ರೆ ಕಿರ್ ಅನ್ನುತ್ತೆ. ಮೂರನೆಯವನು ವಿಧೇಯ. ಮೈಕಟ್ಟು ಸುಮಾರು, ಬೆಲೆ ಮಧ್ಯಮ. ಆದ್ರೆ ಫ್ಯಾನ್ ಎಷ್ಟು ತಿರುಗ್ಬೇಕು, ಚಾರ್ಜ್ ಎಲ್ಲಿಗೆ ನಿಲ್ಬೇಕು, ಎಲ್ಲಾ ನೀನು ಹೇಳಿದ ಹಾಗೆ."

ಅವಳು ಪೈಲ್ವಾನನ ಮುಂದೆ ಕೂತು ರೆಕಾರ್ಡಿಂಗ್ ಹಾಕಿದಳು. ಸದ್ದಿದೆ ಎಂದಳು. ಬಡಪಾಯಿಯಲ್ಲೂ ಸದ್ದಿದೆ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಲ್ಯಾಪ್‌ಟಾಪಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ ಕೇಳಿದರೆ ಒಳಗಿನ ಫ್ಯಾನ್ ಸವೆದಿದೆಯೋ ಇಲ್ಲವೋ ಗೊತ್ತಾಗುತ್ತದೆ; ನಾನು ಕೆಲಸ ಕಲಿತದ್ದೇ ಹಾಗೆ. ಹಾಗೇ ಕೇಳಿ ನೋಡಿದೆ. ಎರಡರ ಫ್ಯಾನೂ ನುಣ್ಣಗೆ ತಿರುಗುತ್ತಿದ್ದವು.

"ಸರಿ, ಮೇಡಮ್ಮನವರಿಗೆ ವಿಧೇಯನೇ ಗತಿ," ಎಂದು ಅದರ ಫ್ಯಾನನ್ನು ಪೂರ್ತಿ ನಿಲ್ಲಿಸಿದೆ. "ಈಗ?"

"ಇನ್ನೂ ಇದೆ ರೀ. ಸಣ್ಣಗೆ, ಗುಂಯ್ ಅಂತ."

"ನಿಂತಿರೋ ಫ್ಯಾನ್ ಎಲ್ಲಿಂದ ಸದ್ದು ಮಾಡುತ್ತೆ ಕಣೇ?" ಎಂದು ರೇಗಿ ಮೂರನ್ನೂ ಆಫ್ ಮಾಡಿದೆ. ಸಾಲದೆಂದು ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಿದೆ. ಮನೆಯಲ್ಲಿ ಎಲ್ಲ ಸದ್ದೂ ನಿಂತಿತು. ಅವಳು ತಲೆಯೆತ್ತಲಿಲ್ಲ. ಎಡಗಿವಿಯನ್ನು ಅಂಗೈಯಿಂದ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು.

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಸದ್ದು ಅವಳ ಕಿವಿಯೊಳಗಿತ್ತು.

"ಮಿಷಿನ್ನಿದೇ ಆಗಿರ್ಲಿ ಅಂದ್ಕೊಂಡಿದ್ದೆ," ಎಂದಳು. "ನಿಮಗೂ ಕೇಳಿಸ್ತಿದೆ ಅಂತ ಒಂದು ಸಲ ಸುಳ್ಳು ಹೇಳಬಾರದಿತ್ತಾ?"

ಹೇಳಬೇಕಿತ್ತು ಅನ್ನಿಸಿತು. ಕುರ್ಚಿ ಎಳೆದುಕೊಂಡು ಅವಳ ಬಲಗಡೆ ಕೂತೆ.

"ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ವಾಸಿ ಆಗೋವರೆಗೆ ನಾನೂ ಜೊತೇಲಿ ಕೂತು ಕೇಳ್ತೀನಿ."

"ನಿಮಗೆ ಔಷಧಿ ಹೆಸರೆಲ್ಲಾ ಎಲ್ಲಿ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ನೀನು ಹೇಳಿಕೊಡು."

ಅವಳು ಕಣ್ಣೊರೆಸಿಕೊಂಡು ವಿಧೇಯನನ್ನು ಆನ್ ಮಾಡಿದಳು. ಇಯರ್‌ಫೋನಿನ ಒಂದು ತುದಿಯನ್ನು ತನ್ನ ಬಲಗಿವಿಗೂ ಇನ್ನೊಂದನ್ನು ನನ್ನ ಕಿವಿಗೂ ಸಿಕ್ಕಿಸಿದಳು. ಯಾರೋ ಡಾಕ್ಟರು ಯಾರದೋ ಮೊಣಕಾಲಿನ ಬಗ್ಗೆ ಹೇಳುತ್ತಿದ್ದರು. ಅವಳು ಒಂದು ಸಾಲು ಟೈಪ್ ಮಾಡಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದ ಮೇಲೆಯೇ ಮುಂದಿನ ಸಾಲಿಗೆ ಹೋದಳು.