ಬಣ್ಣ ಹಚ್ಚಿದ ತಲೆಗಳು

ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅಕ್ಕ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಳು. ಆಮೇಲೆ ಗುಬ್ಬಿ ಬಾಗಿಲ ಚೌಕಟ್ಟಿಗೆ ಹಣೆ ಬಡಿಯುವಷ್ಟು ಎತ್ತರ ಬೆಳೆದು, ಭೌತಶಾಸ್ತ್ರದಲ್ಲಿ ಪದವಿ ಪಡೆದು, ಅಂಗಡಿ, ಕಚೇರಿ, ಆಸ್ಪತ್ರೆಗಳ ಚಾವಣಿಯಲ್ಲಿರುವ, ಬೆಂಕಿ ಬಿದ್ದರೆ ನೀರು ಸುರಿಸುವ ಸ್ಪ್ರಿಂಕ್ಲರ್‌ಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಹೆಸರು ಮಾತ್ರ ಇದ್ದಲ್ಲೇ ಇತ್ತು. ಭಾವ, ಅಂದರೆ ಅಕ್ಕನ ಗಂಡ, ಮನೆಗೆ ಬಂದವರಿಗೆಲ್ಲ ಅವಳನ್ನು ಪರಿಚಯಿಸುತ್ತಿದ್ದುದೇ ಹೀಗೆ: “ಇವಳು ನನ್ನ ನಾದಿನಿ ಗುಬ್ಬಿ. ಊರವರ ಸೂರು ನೋಡೋದೇ ಇವಳ ಕೆಲಸ. ಸ್ವಂತಕ್ಕೆ ಒಂದು ಸೂರಿಲ್ಲ ನೋಡಿ.”

ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಲಸ ಸಿಕ್ಕಿದಾಗಿನಿಂದ ಅವಳು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಳು. ಬಾಡಿಗೆ ಕೊಡುತ್ತೇನೆಂದರೆ ಅಕ್ಕ ಸೌಟು ಎತ್ತುತ್ತಿದ್ದಳು. ಕಿಟಕಿಯ ಪಕ್ಕ ಮಂಚ, ಗೋಡೆಯುದ್ದಕ್ಕೂ ಪುಸ್ತಕ, ಬೆಳಗಾದರೆ ಕೆಳಗಿನಿಂದ ಅಕ್ಕ ಪಾತ್ರೆ ಕುಕ್ಕುವ ಸದ್ದು, ಭಾವನ ಕೆಮ್ಮು. ಇಷ್ಟಿದ್ದರೆ ಗುಬ್ಬಿಗೆ ಅದೇ ಅರಮನೆ.

ಅಂಥ ಭಾವನ ಹಾಸಿಗೆ ಅಂಗಡಿಯನ್ನೇ ಪರೀಕ್ಷಿಸುವ ಸರದಿ ಬಂತು.

“ಅಂಗಡಿ ನಮ್ಮ ಭಾವಂದು ಸಾರ್. ಬೇರೆಯವರನ್ನ ಕಳಿಸಿ,” ಎಂದು ಅವಳು ಕಚೇರಿಯಲ್ಲಿ ಕೇಳಿಕೊಂಡಳು. ಬೇರೆಯವರು ಅಂತ ಇದ್ದದ್ದು ಒಬ್ಬರೇ. ಇಡೀ ವೃತ್ತಿಜೀವನವನ್ನು ಏಣಿಯ ಮೇಲೆ ಕಳೆದ ಆ ಪುಣ್ಯಾತ್ಮರು ತಮ್ಮ ಮನೆಯ ಮಂಚದಿಂದ ಬಿದ್ದು ಕಾಲು ಮುರಿದುಕೊಂಡಿದ್ದರು.

“ಬೇರೆಯವರು ಅಂದ್ರೆ ನಾನೇ ಹತ್ತಲೇನಮ್ಮ ಏಣಿ?” ಎಂದರು ಮೇಲಧಿಕಾರಿ. ಗುಬ್ಬಿ ಅವರ ಹೊಟ್ಟೆಯನ್ನೊಮ್ಮೆ ನೋಡಿ, ಏಣಿಯ ಮೇಲೆ ಕನಿಕರ ಹುಟ್ಟಿ, ತಾನೇ ಹೊರಟಳು.

ಅಂಗಡಿ ಹೊಸ ಮದುಮಗನ ಹಾಗೆ ಸಿಂಗಾರಗೊಂಡಿತ್ತು. ಎರಡು ಮಹಡಿಗೂ ಹೊಸ ನೆಲ, ಹೊಸ ದೀಪ, ಚಾವಣಿಗೆ ಕೆನೆ ಬಣ್ಣ. ಶುಕ್ರವಾರ ಮರು ಉದ್ಘಾಟನೆ. ಭಾವ ಕಂಡಕಂಡವರನ್ನೆಲ್ಲ ಕರೆದಿದ್ದರು. ತಮಗೆ ಆಗದವರನ್ನಂತೂ, ಉರಿದುಕೊಳ್ಳಲಿ ಎಂದು, ಎರಡೆರಡು ಸಲ ಕರೆದಿದ್ದರು. ಆದರೆ ಸ್ಪ್ರಿಂಕ್ಲರ್ ಪರೀಕ್ಷೆ ಪಾಸಾಗದೆ ನಗರಸಭೆ ಬಾಗಿಲು ತೆರೆಯಲು ಬಿಡುತ್ತಿರಲಿಲ್ಲ.

ಗುಬ್ಬಿ ಮೊದಲು ಕೊಳವೆಯ ಕೊನೆಯಲ್ಲಿರುವ ಪರೀಕ್ಷಾ ನಲ್ಲಿಯನ್ನು ತಿರುಗಿಸಿದಳು. ಕಪ್ಪು ನೀರು ಭುಸುಗುಟ್ಟುತ್ತ ಬಂತು. ಸ್ವಲ್ಪ ಹೊತ್ತಿಗೆ ಹೊರಗಿನ ಗಂಟೆ ಬಡಿದುಕೊಳ್ಳತೊಡಗಿತು. ನೀರು ಹರಿದರೆ ಗಂಟೆ ಬಡಿಯಬೇಕು. ಅಲ್ಲಿಗೆ ಒಂದು ಭಾಗ ಪಾಸು.

“ಇದೇನೇ ಈ ವಾಸನೆ!” ಭಾವ ಮೂಗು ಹಿಡಿದುಕೊಂಡರು. “ಚರಂಡಿ ನೀರು ತುಂಬಿಸಿದ್ದಾರಾ?”

“ತಿಂಗಳುಗಟ್ಟಲೆ ಕಬ್ಬಿಣದ ಕೊಳವೆಯಲ್ಲಿ ಕೂತ ನೀರು ಭಾವ. ನೀವೂ ಅಷ್ಟು ದಿನ ಸ್ನಾನ ಮಾಡದೆ ಕೂತ್ಕೊಳ್ಳಿ, ಹೀಗೇ ಆಗ್ತೀರಿ.”

“ನಾಲಿಗೆ ನೋಡು ಇವಳದು!” ಎಂದು ಭಾವ ಖುಷಿಯಿಂದಲೇ ಗದರಿದರು. ಅಲ್ಲಿಯವರೆಗೂ ಎಲ್ಲ ಖುಷಿಯಿಂದಲೇ ನಡೆದಿತ್ತು.

ನೀರು ಚಿಮ್ಮುವ ಹಿತ್ತಾಳೆಯ ಪುಟ್ಟ ಸಾಧನಕ್ಕೆ ಕಚೇರಿಯಲ್ಲಿ ಎಲ್ಲರೂ ಹೆಡ್ ಎನ್ನುತ್ತಿದ್ದರು. ಗುಬ್ಬಿ ಮಾತ್ರ ತಲೆ ಎನ್ನುತ್ತಿದ್ದಳು. ಅದರ ನಡುವೆ ಕಿರುಬೆರಳ ತುದಿಯಷ್ಟು ಉದ್ದದ ಗಾಜಿನ ಗುಳಿಗೆ, ಗುಳಿಗೆಯೊಳಗೆ ಕೆಂಪು ದ್ರವ. ಕಾವೇರಿದಂತೆ ದ್ರವ ಹಿಗ್ಗಿ, ಅರವತ್ತೆಂಟು ಡಿಗ್ರಿಯ ಹೊತ್ತಿಗೆ ಗಾಜು ಒಡೆಯುತ್ತದೆ, ಗಾಜು ಒತ್ತಿ ಹಿಡಿದಿದ್ದ ಮುಚ್ಚಳ ಹಾರುತ್ತದೆ, ನೀರು ಸುರಿಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲ ತಲೆಗಳೂ ಒಟ್ಟಿಗೆ ಸುರಿಯುವುದಿಲ್ಲ, ಬಿಸಿ ತಾಗಿದ್ದು ಮಾತ್ರ. ವಿದ್ಯುತ್ ಬೇಡ, ಗುಂಡಿ ಒತ್ತುವವರು ಬೇಡ, ಮೇಲಧಿಕಾರಿಯ ಅನುಮತಿಯಂತೂ ಬೇಡವೇ ಬೇಡ. ಈ ಕೊನೆಯ ಗುಣಕ್ಕಾಗಿಯೇ ಗುಬ್ಬಿಗೆ ಅದರ ಮೇಲೆ ಗೌರವ.

ಮಹಡಿ ಹತ್ತಿ ಏಣಿ ಹಾಕಿ ನೋಡಿದಾಗ ಆ ಗೌರವಕ್ಕೆ ಪಾತ್ರವಾದದ್ದು ಒಂದೂ ಕಾಣಲಿಲ್ಲ. ಪೇಂಟರ್ ಚಾವಣಿಗೆ ಕೆನೆ ಬಣ್ಣ ಸಿಂಪಡಿಸುವಾಗ ಅಡ್ಡ ಬಂದದ್ದಕ್ಕೆಲ್ಲ ಸಿಂಪಡಿಸಿದ್ದ. ಹಿತ್ತಾಳೆ, ಗಾಜು, ಮುಚ್ಚಳ ಎಲ್ಲ ಒಂದೇ ಬಣ್ಣ, ಮಜ್ಜಿಗೆಯಲ್ಲಿ ಅದ್ದಿ ತೆಗೆದ ಹಾಗೆ. ಅವಳು ಏಣಿಯ ಮೇಲಿಂದಲೇ ಮೇಲಧಿಕಾರಿಗೆ ಫೋನ್ ಹಚ್ಚಿದಳು.

“ಸಾರ್, ಇಲ್ಲಿ ತಲೆಗೆ ಬಣ್ಣ ಹಚ್ಚಿಬಿಟ್ಟಿದ್ದಾರೆ... ಹೂಂ ಸಾರ್, ಬುಡದಿಂದ ತುದಿವರೆಗೂ... ನೋಡಿದ ಕೂಡ್ಲೇ ಗೊತ್ತಾಗತ್ತೆ, ಅಸಹ್ಯವಾಗಿದೆ... ತೊಳೆದ್ರೆ ಹೋಗಲ್ಲ, ಕಿತ್ತೇ ಹಾಕ್ಬೇಕು.”

ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ಭಾವ ನಿಂತಿದ್ದರು. ಹೊತ್ತು ತಂದಿದ್ದ ದಿಂಬುಗಳು ಕಾಲ ಬಳಿ ಬಿದ್ದಿದ್ದವು. ಎರಡೂ ಕೈ ನೆತ್ತಿಯ ಮೇಲಿದ್ದವು. ಭಾನುವಾರ ಬಚ್ಚಲಿನ ಬಾಗಿಲು ಹಾಕಿಕೊಂಡು ಅವರು ಏನು ಮಾಡುತ್ತಾರೆಂಬುದು ಇಡೀ ಬೀದಿಗೆ ಗೊತ್ತಿತ್ತು. ಅದು ಯಾರಿಗೂ ಗೊತ್ತಿಲ್ಲವೆಂದು ಅವರೊಬ್ಬರು ನಂಬಿದ್ದರು.

“ಗುಬ್ಬಿ! ಮನೆ ವಿಷಯ ಆಫೀಸಿಗೆಲ್ಲ ಯಾಕೆ ಹೇಳ್ತೀಯಾ? ಹಚ್ಕೊಂಡೆ, ಏನೀಗ? ನಿಮ್ಮ ಸಾರ್ ಹಚ್ಕೊಳ್ಳಲ್ವಾ?”

ಭಾವನ ಬೆನ್ನ ಹಿಂದಿದ್ದ ಸೇಲ್ಸ್‌ಮನ್, ಅವನ ಕೂದಲೂ ಇದ್ದಿಲಿನಷ್ಟು ಕಪ್ಪು, ಸದ್ದಿಲ್ಲದೆ ಮೆಟ್ಟಿಲಿಳಿದು ಹೋದ.

“ಆ ತಲೆ ಭಾವ, ಆ ತಲೆ!” ಗುಬ್ಬಿ ಚಾವಣಿಯತ್ತ ಬೆರಳು ಮಾಡಿದಳು.

ಭಾವ ಮೇಲೆ ನೋಡಿದರು. “ಓ, ಅದಾ,” ಎಂದು ಉಸಿರು ಬಿಟ್ಟರು. “ಅದಕ್ಕೇನಂತೆ? ಪೇಂಟರ್‌ನ ಕರೆಸಿ ಥಿನ್ನರ್‌ನಲ್ಲಿ ಒರೆಸಿದ್ರಾಯ್ತು.”

“ಒರೆಸೋ ಹಾಗಿಲ್ಲ. ಸಂದಿಯೊಳಗೆ ಹೋದ ಬಣ್ಣ ಬರಲ್ಲ. ಅಷ್ಟೂ ಹೊಸದು ತರಿಸಿ, ಕೂರಿಸಿ, ಮತ್ತೆ ಪರೀಕ್ಷೆ ಮಾಡ್ಬೇಕು. ಮೂರು ವಾರ ಅಂತಿಟ್ಕೊಳ್ಳಿ.”

“ಶುಕ್ರವಾರ ಜನ ಬರ್ತಾರೆ ಕಣೇ! ಅವರಿಗೇನು, ಹೊರಗಿಂದಲೇ ದಿಂಬು ತೋರಿಸ್ಲಾ? ನೀನು ನೋಡಿಲ್ಲ ಅಂದ್ಕೊಂಡು ಒಂದು ಸಹಿ ಹಾಕು. ಮುಂದಿನ ವಾರವೇ ಎಲ್ಲ ಬದಲಾಯಿಸ್ತೀನಿ. ನಿಮ್ಮಕ್ಕನ ಆಣೆ.”

“ಅಕ್ಕನ್ನ ಕೇಳಿದ್ರಾ, ಆಣೆ ಇಡೋಕೆ?”

ಅಕ್ಕ ಕೆಳಗೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಟೀ ಮಾಡುತ್ತಿದ್ದಳು. ಗುಬ್ಬಿ ಮಹಡಿಯ ನೀರಿನ ದಾರಿ ಮುಚ್ಚಿ, ಕೊಳವೆ ಬರಿದು ಮಾಡಿ, ಬಣ್ಣ ಹಚ್ಚಿದ ಒಂದು ತಲೆಯನ್ನು ಸ್ಪ್ಯಾನರ್‌ನಿಂದ ಬಿಚ್ಚಿಕೊಂಡು ಬಂದಳು. ತುರ್ತಿಗೆಂದು ಗೋಡೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದ ಬಿಡಿ ತಲೆಗಳಲ್ಲಿ ಹೊಸದೊಂದನ್ನೂ ತೆಗೆದುಕೊಂಡಳು. ಭಾವ ಬಾಗಿಲಿಗೊರಗಿ ನಿಂತರು.

“ಆ ಪಾತ್ರೆಯಲ್ಲಿ ನಾವು ಕುಡಿಯೋದು ಕಣೇ!” ಎಂದು ಅಕ್ಕ ಕೂಗುವಷ್ಟರಲ್ಲಿ ಗುಬ್ಬಿ ಹೊಸ ತಲೆಯನ್ನು ಕಾಯುತ್ತಿದ್ದ ನೀರಿಗೆ ಇಳಿಬಿಟ್ಟು, ಮೇಲೊಂದು ತಟ್ಟೆ ಮುಚ್ಚಿದ್ದಳು. ಟಕ್ಕೆಂದಿತು. ಮುಚ್ಚಳ ಹಾರಿ ತಟ್ಟೆಗೆ ಬಡಿಯಿತು. ಅಕ್ಕ ಎದೆ ಮುಟ್ಟಿಕೊಂಡಳು.

ಎರಡನೆಯದು ಕೆನೆ ಬಣ್ಣದ್ದು. ಅದರ ಗಾಜು ನಿಧಾನವಾಗಿ, ಆದರೆ ಸರಿಯಾಗಿಯೇ ಒಡೆಯಿತು. ಗುಬ್ಬಿ ಅದನ್ನು ಇಕ್ಕಳದಿಂದ ಎತ್ತಿ ತೋರಿಸಿದಳು. ಮುಚ್ಚಳ ಬಣ್ಣದಲ್ಲಿ ಅಂಟಿಕೊಂಡು ಕೂತೇ ಇತ್ತು.

“ಒಡೀತಲ್ಲ!” ಎಂದರು ಭಾವ.

“ಒಡೀತು. ಬಾಯಿ ಬಿಡಲಿಲ್ಲ.”

“ಇಲ್ಲಿ ನೀರಿನ ಒತ್ತಡ ಇಲ್ಲ. ಅಲ್ಲಿ ಒತ್ತಡಕ್ಕೆ ತೆರ್ಕೊಳ್ಳತ್ತೆ.”

ವಾದ ಸರಿಯಾಗಿತ್ತು, ಅದಕ್ಕೆ ಸುಳ್ಳು ಉತ್ತರ ಕೊಡಲು ಗುಬ್ಬಿಗೆ ಮನಸ್ಸಾಗಲಿಲ್ಲ. “ತೆರ್ಕೊಳ್ಳಬಹುದು,” ಎಂದಳು.

“ಹಾಗಾದ್ರೆ ಅದನ್ನೇ ಬರಿ! ತೆರ್ಕೊಳ್ಳಬಹುದು ಅಂತ ಬರಿ!”

“ಪಾಸು ಅಂತ ಇದೆ, ಫೇಲು ಅಂತ ಇದೆ. ಬಹುದು ಅನ್ನೋದಕ್ಕೆ ಜಾಗ ಇಟ್ಟಿಲ್ಲ ಭಾವ.”

ಅಕ್ಕ ಒಲೆ ಆರಿಸಿದಳು. “ನೀನು ಸಹಿ ಹಾಕಿದ್ರೆ ಏನಾಗತ್ತೆ?”

“ಏನೂ ಆಗಲ್ಲ. ಬೆಂಕಿ ಬೀಳೋ ತನಕ ಏನೂ ಆಗಲ್ಲ. ಬಿದ್ರೆ, ಮೇಲಿರೋದೆಲ್ಲ ಫೋಮು ಅಕ್ಕ. ಹೊಗೆ ಮೆಟ್ಟಿಲಿಗೆ ಬರೋ ಹೊತ್ತಿಗೆ...”

“ಬಾಯಲ್ಲಿ ಒಳ್ಳೇದೇ ಬರಲ್ಲ ಇವಳಿಗೆ!” ಎಂದರು ಭಾವ. ಈಗ ಅವರ ದನಿಯಲ್ಲಿ ಖುಷಿ ಇರಲಿಲ್ಲ. “ನೋಡು ಗುಬ್ಬಿ, ಇನ್ನೊಂದ್ಸಲ ಯೋಚನೆ ಮಾಡು. ನನ್ನ ಅಂಗಡಿ ಸೂರು ನಿನಗೆ ಫೇಲು ಅಂದ್ಮೇಲೆ ನನ್ನ ಮನೆ ಸೂರಿನ ಕೆಳಗೆ ಹೆಂಗೆ ಮಲಗ್ತೀಯಾ? ಅದನ್ನೂ ಖಾಲಿ ಮಾಡು.”

ಕಿಟಕಿ, ಮಂಚ, ಬೆಳಗಿನ ಕೆಮ್ಮು ಎಲ್ಲ ಗುಬ್ಬಿಯ ಕಣ್ಣ ಮುಂದೆ ಹಾದುಹೋದವು. ಅವಳು ವರದಿಯ ಹಾಳೆ ತೆಗೆದಳು. ಫೇಲು ಎಂದು ಬರೆದಳು. ಅಕ್ಷರ ಮಾತ್ರ ಕಾಗೆಕಾಲಾಗಿ ಬಂತು.

ಉದ್ಘಾಟನೆ ಮುಂದಕ್ಕೆ ಹೋಯಿತು. ಅಂದಿನಿಂದ ಅಕ್ಕ ಗಂಡನ ಜೊತೆ ಜಗಳವಾಡಿದಳು, ತಂಗಿಯ ಜೊತೆ ಆಡಿದಳು, ಮಧ್ಯೆ ಸಿಕ್ಕ ಹಾಲಿನವನನ್ನೂ ಬಿಡಲಿಲ್ಲ. ಭಾವ ನಾದಿನಿಯ ಜೊತೆ ಒಂದಕ್ಷರವೂ ಮಾತಾಡುವುದಿಲ್ಲವೆಂದು ಶಪಥ ಮಾಡಿದರು. ಗುಬ್ಬಿ ತೆಪ್ಪಗಿದ್ದಿದ್ದರೆ ಖಾಲಿ ಮಾಡು ಎಂದದ್ದು ವಾರದೊಳಗೆ ಅವರಿಗೇ ಮರೆತುಹೋಗುತ್ತಿತ್ತೋ ಏನೋ. ಆದರೆ ತೆಪ್ಪಗಿರುವುದು ಆ ಕುಟುಂಬದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವಳು ಎರಡು ಬೀದಿ ಆಚೆ, ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಳು.

ಹೊರಡುವ ದಿನ ಭಾವ ಅಂಗಡಿಯ ವ್ಯಾನನ್ನು ತಾವೇ ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದರು. ಒಳಗೆ ದಪ್ಪನೆಯ ಸ್ಪ್ರಿಂಗ್ ಹಾಸಿಗೆ.

“ನಿನ್ನ ತಂಗಿಗೆ ಹೇಳು,” ಎಂದರು ಹೆಂಡತಿಗೆ. ಗುಬ್ಬಿ ಮೊಳದಂತರದಲ್ಲೇ ನಿಂತಿದ್ದಳು. “ಹಾಸಿಗೆ ಅಂಗಡಿಯವನ ನಾದಿನಿ ಚಾಪೆ ಮೇಲೆ ಬಿದ್ಕೊಂಡಿದ್ದಾಳೆ ಅಂತ ಊರವರು ಆಡ್ಕೊಳ್ಳೋದು ನನಗೆ ಬೇಡ.”

“ಭಾವಂಗೆ ಹೇಳಕ್ಕ, ನನಗೂ ಬೇಡ ಅಂತ.”

“ನಾನೇನು ನಿಮ್ಮಿಬ್ಬರ ಟೆಲಿಫೋನ್ ಎಕ್ಸ್‌ಚೇಂಜಾ? ಏನಾದ್ರೂ ಮಾಡ್ಕೊಂಡು ಸಾಯ್ರಿ!” ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊಸ ಕೋಣೆಯ ಮೆಟ್ಟಿಲು ಕಡ್ಡಿಪೆಟ್ಟಿಗೆಯಷ್ಟು ಇಕ್ಕಟ್ಟು. ಬೇಡವೆಂದ ಹಾಸಿಗೆಯನ್ನೇ ಮೇಲಿಂದ ಗುಬ್ಬಿ ಎಳೆಯುತ್ತಿದ್ದಳು, ಕೆಳಗಿಂದ ಭಾವ ನೂಕುತ್ತಿದ್ದರು. ಮೊದಲ ಮಹಡಿಯವರೆಗೂ ಇಬ್ಬರೂ ಬಾಯಿ ತೆರೆಯಲಿಲ್ಲ. ಎರಡನೆಯ ತಿರುವಿನಲ್ಲಿ ಹಾಸಿಗೆ ಗೋಡೆಗೂ ಕಂಬಿಗೂ ನಡುವೆ ಕಚ್ಚಿಕೊಂಡು ನಿಂತಿತು.

“ಎಡಕ್ಕೆ ತಿರುಗಿಸು!” ಶಪಥ ಮುರಿಯಿತು.

“ನನ್ನ ಎಡವಾ, ನಿಮ್ಮ ಎಡವಾ?”

“ಹಾಸಿಗೆ ಎಡ!”

“ಹಾಸಿಗೆಗೆ ಎಲ್ಲಿಂದ ಬಂತು ಎಡ ಬಲ?”

“ಮಾರೋವನು ನಾನು. ಇರತ್ತೆ ಅಂದ್ರೆ ಇರತ್ತೆ!”

ತಿರುಗಿಸಿದರು, ಇನ್ನಷ್ಟು ಬಿಗಿಯಾಯಿತು. ಇಬ್ಬರೂ ಹಾಸಿಗೆಯ ಆಚೀಚೆ ಏದುಸಿರು ಬಿಡುತ್ತ ನಿಂತರು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದರಿಂದ ಅನುಕೂಲವೇ ಆಯಿತು.

“ಹೊಸ ತಲೆಗಳು ಬುಧವಾರ ಬರ್ತಾವಂತೆ,” ಎಂದಿತು ಕೆಳಗಿನ ದನಿ. “ಕೂರಿಸಿದ ಮೇಲೆ ನೋಡೋಕೆ ನೀನೇ ಬರ್ಬೇಕು.”

“ನಾನು ಬರಲ್ಲ ಭಾವ. ನೆಂಟರದ್ದು ಬೇಡ ಅಂತ ಹೇಳಿಬಿಟ್ಟಿದ್ದೀನಿ. ಬೇರೆ ಊರಿನ ಶಾಖೆಯಿಂದ ಯಾರೋ ಬರ್ತಾರೆ.”

“ಯಾರೋ ಅಂದ್ರೆ?”

“ನನಗೂ ಗೊತ್ತಿಲ್ಲ. ನಿಮಗೂ ಗೊತ್ತಿರಲ್ಲ. ಅದೇ ಒಳ್ಳೇದು.”

“ಏನು ಒಳ್ಳೇದು? ಗುರುತು ಪರಿಚಯ ಇಲ್ಲದವನು ಬಂದು ಫೇಲು ಅಂದ್ರೆ ನಾನು ಯಾರನ್ನ ಬೈಲಿ? ಯಾರನ್ನ ಮನೆಯಿಂದ ಓಡಿಸ್ಲಿ?”

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ನಗುವಿಗೆ ಕೈ ಸಡಿಲವಾಯಿತು, ಹಾಸಿಗೆ ಕಚ್ಚು ಬಿಟ್ಟು ಕೆಳಕ್ಕೆ ಜಾರಿತು, ಅಡಿಯಿಂದ ಭಾವನ ಚೀತ್ಕಾರ ಕೇಳಿಸಿತು.

“ಏ, ಏ, ಬಿಡಬೇಡ್ವೇ! ಹಿಡ್ಕೋ!”

ಅವಳು ಎರಡೂ ಕೈಯಿಂದ ಹಾಸಿಗೆಯ ಮೂಲೆಯನ್ನು ಬಾಚಿ ಹಿಡಿದು, ಮೆಟ್ಟಿಲಿಗೆ ಕಾಲು ಕೊಟ್ಟು ನಿಂತಳು.

“ಹಿಡ್ಕೊಂಡಿದ್ದೀನಿ ಭಾವ. ಕಿರುಚಿದ್ದು ಸಾಕು, ತಳ್ಳಿ.”