ವೀಟೆಕಪ್ಪನ ಕಥೆ ಮುಗಿಯಲಿ

ಅಮೃತಾಪುರದ ಲಿಂಗಮ್ಮನಿಗೆ ಓದು ಬಾರದು. ಆದರೆ ಭಾರತ ವಾಚನ ಕೇಳಿ ಕೇಳಿ ಕಿವಿ ಹದವಾಗಿತ್ತು. ಕಾಲು ತೊಳೆದು, ದೀಪ ಹಚ್ಚಿ ಕೂತಳೆಂದರೆ ಕಥೆ ಮುಗಿಯುವ ತನಕ ಏಳುವವಳಲ್ಲ. ಬೇರೆಯವರನ್ನೂ ಏಳಲು ಬಿಡುವವಳಲ್ಲ. ಮೊಮ್ಮಗಳು ಕಾಂತಾ ಆ ವರ್ಷ, ಎಪ್ಪತ್ತೆಂಟರಲ್ಲಿ, ಶಾಲೆಯಿಂದ ಬಹುಮಾನವಾಗಿ ತಂದು ದಿನಾ ಸಂಜೆ ಓದಿ ಹೇಳುತ್ತಿದ್ದ ಕಾದಂಬರಿಗೂ ಅದೇ ಮರ್ಯಾದೆ ಸಿಕ್ಕಿತು. ಅದು ಬೊಹೀಮಿಯವೆಂಬ ದೂರದ ಸೀಮೆಯ ಪಾಳೆಯಗಾರ ವೀಟೆಕ್‌ನ ಕಥೆ. ಅಲ್ಲಿ ರಾಜ ಸತ್ತಿದ್ದ. ಹಿರಿ ರಾಣಿಯ ಮಗ, ಕಿರಿ ರಾಣಿಯ ಮಗ, ಇಬ್ಬರೂ ಪಟ್ಟ ತಮ್ಮದೆನ್ನುತ್ತಿದ್ದರು. ಇಬ್ಬರನ್ನೂ ಎತ್ತಿ ಆಡಿಸಿದ್ದ ವೀಟೆಕ್ ನಡುವೆ ಸಿಕ್ಕಿಬಿದ್ದಿದ್ದ. ಲಿಂಗಮ್ಮ ಅವನನ್ನು ನೆಂಟನೇನೋ ಎಂಬಂತೆ "ನಮ್ಮ ವೀಟೆಕಪ್ಪ" ಎನ್ನುತ್ತಿದ್ದಳು.

ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿರುತ್ತಿದ್ದ ಸೊಸೆ ಕಾಮಾಕ್ಷಮ್ಮನ ಮುಖ ಮಾತ್ರ ಬಾಡಿತ್ತು. ಮೂರೂ ಹೆಣ್ಣೇ ಆದವೆಂದು ಅತ್ತೆ ತನ್ನ ಮಗನಿಗೆ ಇನ್ನೊಂದು ಮದುವೆ ಗೊತ್ತುಮಾಡಿದ್ದಳು. ಹೆಣ್ಣು, ಅಂತರಘಟ್ಟೆಯಲ್ಲಿದ್ದ ಲಿಂಗಮ್ಮನ ತಮ್ಮ ಈರಪ್ಪನ ಮಗಳು ಯಲ್ಲಮ್ಮ.

"ಅಮ್ಮಾ, ಕಾನೂನು ಒಪ್ಪಲ್ಲ. ನಂಗೂ ಬ್ಯಾಡ," ಎಂದ ಮಗ ಹನುಮಂತಪ್ಪ.

"ಕಾನೂನು ಬಂದು ತೆಂಗಿನ ತೋಟಕ್ಕೆ ನೀರು ಕಟ್ತದಾ? ವಂಶಕ್ಕೊಬ್ಬ ಬ್ಯಾಡ್ವೇನೋ? ಹಿಂದಿನಿಂದ್ಲೂ ನಡ್ಕೊಂಡು ಬಂದದ್ದು ಕಣೋ."

"ಕಾಂತಾ ಕಟ್ತಾಳೆ. ಪಂಪ್‌ಸೆಟ್ ಸ್ವಿಚ್ ಒತ್ತಕ್ಕೆ ಮೀಸೆ ಬೇಕಾ?"

ಲಿಂಗಮ್ಮನಿಗೆ ನಗು ಬಂತು. ಹಟ ಮಾತ್ರ ಹೋಗಲಿಲ್ಲ.

ವೀಳ್ಯ ಬದಲಾಯಿಸಲು ಈರಪ್ಪ ಬಂದ ದಿನ ಕಾಂತಾ ಕೊನೆಯ ಅಧ್ಯಾಯ ತೆರೆದಿದ್ದಳು.

"ಅಕ್ಕಾ, ಹೊತ್ತಾಯ್ತು. ತಟ್ಟೆ ತರಿಸು."

"ಕೂತ್ಕೊಳೋ. ದೀಪ ಹಚ್ಚಾಗೈತೆ. ವೀಟೆಕಪ್ಪನ ಗತಿ ತಿಳೀದೆ ನಂಗೆ ವೀಳ್ಯ ಹಿಡಿಯಕ್ಕಾಗಲ್ಲ."

"ಯಾರಕ್ಕ ಅವ್ನು? ನಮ್ಮ ಪೈಕಿನಾ?"

"ಸುಮ್ನೆ ಕೇಳು."

ಕಾಂತಾ ಓದಿದಳು. ಅಣ್ಣನ ಕಡೆಯವನೆಂದು ತಮ್ಮ, ತಮ್ಮನ ಕಡೆಯವನೆಂದು ಅಣ್ಣ, ಇಬ್ಬರೂ ವೀಟೆಕ್‌ನ ಕೋಟೆಗೆ ಬೆಂಕಿಯಿಟ್ಟರು. ಉಳಿದ ಒಂದೇ ಕುದುರೆಯ ಮೇಲೆ ಮುದಿ ತಾಯಿಯನ್ನು ಕೂರಿಸಿಕೊಂಡು ಅವನು ಸೀಮೆ ಬಿಟ್ಟ.

ಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ರಾಜಂಗೆ ಎರಡನೇ ಮದ್ವೆ ಮಾಡ್ದೋರು ಯಾರೇ?"

"ಪುಸ್ತಕದಲ್ಲಿ ಬರೆದಿಲ್ಲ ಅಜ್ಜಿ."

ಲಿಂಗಮ್ಮ ದೀಪದ ಕುಡಿ ಸರಿಮಾಡಿದಳು. ಅಡುಗೆಮನೆ ಬಾಗಿಲಲ್ಲಿ ಕಾಮಾಕ್ಷಮ್ಮ ಹೋಳಿಗೆಯ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಬರೀದಿದ್ರೆ ಬಿಡು, ನಂಗೊತ್ತು. ಆ ರಾಜನ ತಾಯೀನೇ."

ಆಮೇಲೆ ತಮ್ಮನತ್ತ ತಿರುಗಿದಳು. "ಈರಾ, ಈ ಮದ್ವೆ ಬ್ಯಾಡ ಕಣೋ. ನಿನ್ನ ಮಗಳ ಮಕ್ಕಳು, ಇವಳ ಮಕ್ಕಳು ಒಂದು ದಿನ ಎದುರುಬದುರು ನಿಲ್ತಾರೆ. ನಡುವೆ ಬೇಯೋನು ನನ್ನ ಹನುಮಂತ. ತೋಟ ಈ ಮೂವರು ಹೆಣ್ಮಕ್ಕಳದ್ದೇ."

"ಊರಲ್ಲಿ ಏನಂತ ಹೇಳ್ಲಕ್ಕ?"

"ಅಕ್ಕಂಗೆ ಬುದ್ಧಿ ಬಂತು ಅನ್ನು. ಯಲ್ಲಮ್ಮಂಗೆ ಗಂಡು ನಾನೇ ಹುಡುಕ್ತೀನಿ, ಹೆಂಡ್ತಿ ಇಲ್ದೋನ್ನ!"

ಈರಪ್ಪನಿಗೂ ನಗು ತಡೆಯಲಾಗಲಿಲ್ಲ. ಮಗಳನ್ನು ಸವತಿಯ ಮೇಲೆ ಕೊಡುವುದೆಂದರೆ ಯಾವ ತಂದೆಯ ಎದೆಗಾದರೂ ಎಲ್ಲೋ ಮುಳ್ಳು ಚುಚ್ಚದೆ ಇರುತ್ತದೆಯೆ? ವಂಶದ ಹೆಸರು ಹೇಳಿಕೊಂಡು ನಾವು ಆ ಮುಳ್ಳನ್ನು ಮುಚ್ಚಿಡುತ್ತೇವೆ, ಅಷ್ಟೆ.

ಹೊಸ ಹೆಣ್ಣಿಗೆಂದು ತಂದಿದ್ದ ಸೀರೆಯನ್ನು ಲಿಂಗಮ್ಮ ಸೊಸೆಯ ಕೈಗಿಟ್ಟಳು. "ಹೋಗೇ, ಉಟ್ಕೊಂಡು ಬಾ. ಅಳೋದು ಆಮೇಲೆ, ಹೋಳಿಗೆ ಆರ್ತದೆ."

ಊಟವಾಯಿತು. ಹೊರಡಲು ಎದ್ದ ಈರಪ್ಪ ಹೊಸಿಲಲ್ಲಿ ನಿಂತು, ತಿರುಗಿ ಬಂದು ಕೂತ.

"ಕಾಂತಾ, ಮೊದಲಿಂದ ಓದವ್ವ. ನಾನು ಅರ್ಧಕ್ಕೆ ಬಂದೆ."

ಲಿಂಗಮ್ಮ ದೀಪಕ್ಕೆ ಎಣ್ಣೆ ಹಾಕಿದಳು.